ನೆಲಮಂಗಲದಿಂದ ಥಾರ್, ಡೂನ್‌ನಿಂದ ದೇವನಹಳ್ಳಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಕಾಶೆಯಲ್ಲಿ ಉತ್ತರ ಭಾರತದ ಕಡೆಗೆ ಹೊರಡುವ ಎರಡು ದೊಡ್ಡ ಹೆದ್ದಾರಿಗಳು ಕಾಣುತ್ತವೆ. ಪಶ್ಚಿಮದಲ್ಲಿ ನೆಲಮಂಗಲ, ದಾಬಸ್‌ಪೇಟೆಗಳ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 48 ತುಮಕೂರು, ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್, ಅಹಮದಾಬಾದ್, ಉದಯಪುರಗಳನ್ನು ಹಾದು ದೆಹಲಿಯನ್ನು ಮುಟ್ಟುತ್ತದೆ. ದೇವನಹಳ್ಳಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಅನಂತಪುರ, ಹೈದರಾಬಾದ್, ನಾಗಪುರ, ಆಗ್ರಾಗಳ ಮೇಲೆ ಅದೇ ದೆಹಲಿಯನ್ನು ತಲುಪಿ ಮುಂದೆ ಶ್ರೀನಗರದವರೆಗೆ ಸಾಗುತ್ತದೆ. ಇವೆರಡನ್ನೂ ಜಿಲ್ಲೆಯೊಳಗೇ ಕೂಡಿಸುವುದು ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 648. ಹೀಗಾಗಿ ಈ ಜಿಲ್ಲೆಯ ಕುಟುಂಬವೊಂದು ಒಂದು ದಾರಿಯಲ್ಲಿ ಹೋಗಿ, ರಾಜಸ್ಥಾನದ ಥಾರ್ ಮರುಭೂಮಿಯನ್ನೂ ಹಿಮಾಲಯದ ತಪ್ಪಲನ್ನೂ ಕಂಡು, ಇನ್ನೊಂದು ದಾರಿಯಲ್ಲಿ ಹಿಂದಿರುಗುವ ಪ್ರವಾಸದ ಎರಡು ತುದಿಗಳೂ ಮನೆಯ ಆಸುಪಾಸಿನಲ್ಲೇ ಇವೆ. ಇಂಥ ಪ್ರವಾಸದ ಯೋಜನೆ ನೋಡಬೇಕಾದ ಊರುಗಳ ಪಟ್ಟಿಯಿಂದ ಆರಂಭವಾಗುವುದು ವಾಡಿಕೆ. ಆದರೆ ಮೊದಲು ತಿಂಗಳನ್ನು ನಿಶ್ಚಯಿಸಿ, ಆಮೇಲೆ ಹಗಲಿನ ಬೆಳಕು ಮತ್ತು ನೀರಿನ ಲೆಕ್ಕ ಹಾಕಿ, ಊರುಗಳ ಹೆಸರನ್ನು ಕೊನೆಗೆ ಬರೆದುಕೊಳ್ಳುವುದೇ ಸರಿಯಾದ ಕ್ರಮವೆಂಬುದು ಈ ದಾರಿಯ ಭೂಗೋಳವನ್ನು ಗಮನಿಸಿದರೆ ತಿಳಿಯುತ್ತದೆ.

ಹೆದ್ದಾರಿಗಳ ಸಂಖ್ಯೆಯನ್ನು ಓದಲು ಕಲಿಯುವುದು ಈ ಸಿದ್ಧತೆಯ ಮೊದಲ ಪಾಠ. 2010ರಲ್ಲಿ ಕೇಂದ್ರ ಸರ್ಕಾರ ಹಳೆಯ ಸಂಖ್ಯೆಗಳನ್ನು ಕೈಬಿಟ್ಟು ಹೊಸ ಕ್ರಮವನ್ನು ತಂದಿತು. ಇದರ ಪ್ರಕಾರ ಉತ್ತರ-ದಕ್ಷಿಣವಾಗಿ ಸಾಗುವ ಮುಖ್ಯ ರಸ್ತೆಗಳಿಗೆ ಸಮಸಂಖ್ಯೆಗಳಿದ್ದು ಅವು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆ, ಪೂರ್ವ-ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆಗಳಿದ್ದು ಅವು ಉತ್ತರದಿಂದ ದಕ್ಷಿಣಕ್ಕೆ ಏರುತ್ತವೆ, ಮೂರಂಕಿಯ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಅದು ಯಾವ ಮುಖ್ಯ ರಸ್ತೆಯ ಕವಲೆಂಬುದನ್ನು ಸೂಚಿಸುತ್ತವೆ. ದೇವನಹಳ್ಳಿಯ 44ಕ್ಕಿಂತ ನೆಲಮಂಗಲದ 48 ಪಶ್ಚಿಮಕ್ಕಿರುವುದಕ್ಕೂ, ದೊಡ್ಡಬಳ್ಳಾಪುರದ 648 ಅದೇ 48ರ ಕವಲಾಗಿರುವುದಕ್ಕೂ, ನೆಲಮಂಗಲ ಮತ್ತು ಹೊಸಕೋಟೆಗಳ ಮೂಲಕ ಪೂರ್ವ-ಪಶ್ಚಿಮವಾಗಿ ಹಾಯುವ ದಕ್ಷಿಣದ ರಸ್ತೆಗೆ 75ರಂಥ ದೊಡ್ಡ ಬೆಸಸಂಖ್ಯೆ ಬಂದಿರುವುದಕ್ಕೂ ಇದೇ ಕಾರಣ. ಹಿಂದೆ ದೇವನಹಳ್ಳಿಯ ರಸ್ತೆ 7 ಎಂದೂ ನೆಲಮಂಗಲದ ರಸ್ತೆ 4 ಎಂದೂ ಹೆಸರಾಗಿದ್ದವು. ಹಿರಿಯ ಲಾರಿ ಚಾಲಕರ ಬಾಯಲ್ಲಿ ಇಂದಿಗೂ ಆ ಸಂಖ್ಯೆಗಳೇ ಉಳಿದಿವೆ. ಈಗಿನ 4 ಅಂಡಮಾನ್ ದ್ವೀಪದಲ್ಲಿದೆ. ಈಗಿನ 7 ಪಂಜಾಬಿನ ಗಡಿಯ ಫಾಜಿಲ್ಕಾದಿಂದ ಅಬೋಹರ್, ಬಠಿಂಡಾ, ಪಟಿಯಾಲ, ಚಂಡೀಗಢ, ನಾಹನ್, ಪಾಂವ್ಟಾ ಸಾಹಿಬ್, ಡೆಹ್ರಾಡೂನ್‌ಗಳನ್ನು ಹಾದು ಬದರೀನಾಥದ ಆಚೆಯ ಮಾಣಾ ಗ್ರಾಮದವರೆಗೆ ಹೋಗುತ್ತದೆ. ದೇವನಹಳ್ಳಿಯನ್ನು ಬಿಟ್ಟ ಸಂಖ್ಯೆಯೇ ಈಗ ಹಿಮಾಲಯದ ತಪ್ಪಲಿನ ರಸ್ತೆಯಾಗಿರುವುದು ಈ ಯೋಜನೆಗೆ ಒದಗಿ ಬಂದ ಅನುಕೂಲ, ಏಕೆಂದರೆ ಉದಯಪುರದಿಂದ ಪಶ್ಚಿಮಕ್ಕೆ ಹೊರಳಿ ಪಿಂಡವಾಡಾ ಸೇರಿದ ಪ್ರವಾಸಿ ಅಲ್ಲಿಂದ ಪಾಲಿ, ಜೋಧಪುರ, ನಾಗೌರ್, ಬಿಕಾನೇರ್, ಶ್ರೀಗಂಗಾನಗರಗಳ ಮೂಲಕ ಅಬೋಹರಿಗೆ ಹೋಗುವ 62ನ್ನು ಹಿಡಿದು, ಅಬೋಹರಿನಲ್ಲಿ 7ಕ್ಕೆ ತಿರುಗಿದರೆ ಮರಳಿನಿಂದ ಮಲೆಯ ಬುಡದವರೆಗಿನ ದಾರಿಯೆಲ್ಲ ಎರಡೇ ಸಂಖ್ಯೆಗಳಲ್ಲಿ ಮುಗಿಯುತ್ತದೆ. ಜೈಸಲ್ಮೇರ್ ಮಾತ್ರ ಈ ಗೆರೆಯಿಂದ ಪಶ್ಚಿಮಕ್ಕೆ ಸರಿದಿರುವುದರಿಂದ, ಜೋಧಪುರದಿಂದ ಪೋಕರಣದ ಮೇಲೆ ಅಲ್ಲಿಗೆ ಹೋಗಿ ಫಲೋದಿಯ ಮಾರ್ಗವಾಗಿ ಬಿಕಾನೇರಿಗೆ ಬರಬೇಕಾಗುತ್ತದೆ.

ಈ ಸುತ್ತು ಒಟ್ಟು ಸುಮಾರು 5,500 ಕಿಲೋಮೀಟರ್ ಆಗುತ್ತದೆ. ದಿನಕ್ಕೆ 600, 700 ಕಿಲೋಮೀಟರ್ ಓಡಿಸಿ ಒಂಬತ್ತು ದಿನದಲ್ಲಿ ಮುಗಿಸುವ ಲೆಕ್ಕ ಕಾಗದದ ಮೇಲೆ ಸಲೀಸಾಗಿ ಕಾಣುತ್ತದೆ. ದಾರಿಯ ಮೇಲೆ ಅದು ಅಪಾಯದ ಲೆಕ್ಕ. ಫೆಬ್ರವರಿಯಲ್ಲಿ ರಾಜಸ್ಥಾನದ ಹಗಲು ಹನ್ನೊಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಊಟ, ವಿಶ್ರಾಂತಿ, ಇಂಧನ, ಮಕ್ಕಳ ಅಗತ್ಯಗಳಿಗೆ ಮೂರು ಗಂಟೆ ಕಳೆದು, ಪೇಟೆ ಮತ್ತು ಟೋಲ್ ಗೇಟುಗಳನ್ನೂ ಸೇರಿಸಿ ಗಂಟೆಗೆ ಸರಾಸರಿ 50 ಕಿಲೋಮೀಟರ್ ಎಂದು ಹಿಡಿದರೆ ದಿನಕ್ಕೆ 400 ಕಿಲೋಮೀಟರ್ ಬರುತ್ತದೆ, ಅಂದರೆ ಓಡಾಟಕ್ಕೇ ಹದಿನಾಲ್ಕು ದಿನ ಬೇಕು. ನೋಡುವುದಕ್ಕೂ ಚಾಲಕನ ಆಯಾಸ ಕಳೆಯುವುದಕ್ಕೂ ಒಂದು ವಾರ ಸೇರಿಸಿ ಮೂರು ವಾರವೆಂದು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಅಷ್ಟು ರಜೆ ಸಿಗದಿದ್ದರೆ ತಪ್ಪಲನ್ನೋ ಮರುಭೂಮಿಯನ್ನೋ ಇನ್ನೊಂದು ವರ್ಷಕ್ಕೆ ಬಿಡಬೇಕೇ ಹೊರತು ದಿನದ ದೂರವನ್ನು ಹೆಚ್ಚಿಸಬಾರದು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ ಸುಮಾರು 370 ಲೀಟರ್ ಇಂಧನ ಬೇಕಾಗುತ್ತದೆ, ಬೆಲೆಯ ಲೆಕ್ಕವನ್ನು ಓದುಗರು ಅಂದಿನ ದರದಲ್ಲಿ ಹಾಕಿಕೊಳ್ಳಬಹುದು.

ತಿಂಗಳಿನ ಆಯ್ಕೆಯೇ ಇಲ್ಲಿ ನಿಜವಾದ ಕಗ್ಗಂಟು, ಏಕೆಂದರೆ ಮರುಭೂಮಿ ಬೇಡುವ ಋತು ಬೇರೆ, ತಪ್ಪಲು ಬೇಡುವ ಋತು ಬೇರೆ. ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಹಗಲಿನಲ್ಲಿ ಬೀಸುವ ಒಣ ಬಿಸಿಗಾಳಿಗೆ ಅಲ್ಲಿನವರು 'ಲೂ' ಎನ್ನುತ್ತಾರೆ, ಕಣ್ಣೆದುರಿನ ರಸ್ತೆಯನ್ನೇ ಮರೆಮಾಡುವ ಧೂಳಿನ ಬಿರುಗಾಳಿಗೆ 'ಆಂಧಿ' ಎನ್ನುತ್ತಾರೆ, ಹೀಗಾಗಿ ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಥಾರ್‌ಗೆ ಹೋಗುವ ಕಾಲವೇ ಅಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ತಪ್ಪಲಿನಲ್ಲಿ ಮಳೆ ಮತ್ತು ಭೂಕುಸಿತದ ಕಾಲ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಹಾಕುವುದರಿಂದ ಹೊಗೆ ಕವಿಯುತ್ತದೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಮರುಭೂಮಿ ಅತ್ಯಂತ ಹಿತವಾಗಿದ್ದರೂ ಗಂಗಾ-ಸಟ್ಲೆಜ್ ಬಯಲಿನ ಮೇಲೆ ದಟ್ಟ ಮಂಜು ಮಲಗಿರುತ್ತದೆ. ನಂದಿಬೆಟ್ಟದ ಸುತ್ತಿನ ಮಂಜು ಬಿಸಿಲೇರಿದಂತೆ ಕರಗುವುದನ್ನು ಕಂಡವರಿಗೆ ಆ ಮಂಜಿನ ಕಲ್ಪನೆ ಬರುವುದು ಕಷ್ಟ. ಅಲ್ಲಿ ಕೆಲವು ದಿನ ಮಧ್ಯಾಹ್ನದವರೆಗೂ ಮುಂದಿನ ಲಾರಿಯ ಹಿಂದೀಪ ಕಾಣುವುದಿಲ್ಲ, ಸರಣಿ ಅಪಘಾತಗಳು ಪ್ರತಿ ಚಳಿಗಾಲದಲ್ಲೂ ನಡೆಯುತ್ತವೆ.

ಇವೆಲ್ಲವನ್ನೂ ಕಳೆದರೆ ಉಳಿಯುವುದು ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗಿನ ಒಂದು ತಿಂಗಳು. ಆಗ ಜೈಸಲ್ಮೇರಿನ ಹಗಲು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬಯಲಿನ ಮಂಜು ತೆಳುವಾಗಿರುತ್ತದೆ. ಈ ಅವಧಿಯಲ್ಲೂ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ ವಾಯುಭಾರ ಕುಸಿತಗಳು, ಹವಾಮಾನ ಶಾಸ್ತ್ರದಲ್ಲಿ 'ಪಶ್ಚಿಮದ ಕ್ಷೋಭೆ' ಎನಿಸಿಕೊಂಡವು, ತಪ್ಪಲಿನಲ್ಲಿ ಎರಡು ಮೂರು ದಿನ ಮಳೆ ಸುರಿಸುವುದುಂಟು, ಆದ್ದರಿಂದ ಚಂಡೀಗಢದಲ್ಲಿ ಒಂದು ದಿನವನ್ನು ಯಾವ ಕಾರ್ಯಕ್ರಮವೂ ಇಲ್ಲದೆ ಬಿಟ್ಟಿರಬೇಕು. ಗ್ರಾಮಾಂತರ ಜಿಲ್ಲೆಯ ರೈತ ಕುಟುಂಬಕ್ಕೆ ಈ ತಿಂಗಳು ಒಂದು ಬಗೆಯಲ್ಲಿ ಒಪ್ಪುತ್ತದೆ. ರಾಗಿಯ ಕೊಯ್ಲು ಮುಗಿದು, ಕಣದ ಕೆಲಸ ತೀರಿ, ಮುಂಗಾರಿನ ಉಳುಮೆ ಇನ್ನೂ ದೂರವಿರುತ್ತದೆ. ರೇಷ್ಮೆ ಸಾಕುವವರು ಹುಳು ಹಣ್ಣಾಗಿ ಗೂಡು ಕಟ್ಟಿ ಮಾರುಕಟ್ಟೆಗೆ ಹೋದ ಮೇಲೆ ಮುಂದಿನ ಬೆಳೆಯನ್ನು ಒಂದು ಸಲ ತಪ್ಪಿಸಬೇಕಾಗುತ್ತದೆ. ದ್ರಾಕ್ಷಿ ಬೆಳೆಗಾರರಿಗೂ ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಗೂ ಇದು ಆಗದ ಕಾಲ. ಅಂಥವರಿಗೆ ಉಳಿದಿರುವುದು ದಸರಾ ರಜೆ, ಆಗ ಥಾರ್‌ನ ಹಗಲು ಇನ್ನೂ ಸುಡುತ್ತಿರುತ್ತದೆಂಬುದನ್ನು ಒಪ್ಪಿಕೊಂಡು ಮಧ್ಯಾಹ್ನದ ಪ್ರಯಾಣವನ್ನು ಬಿಡಬೇಕು.

ಹಗಲಿನ ಲೆಕ್ಕದಲ್ಲಿ ರೇಖಾಂಶದ ಪಾತ್ರವನ್ನೂ ಗಮನಿಸಬೇಕು. ದೇವನಹಳ್ಳಿ ಸುಮಾರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಜೈಸಲ್ಮೇರ್ ಸುಮಾರು 70.9 ಡಿಗ್ರಿಯಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದುದರಿಂದ, ಗಡಿಯಾರ ಒಂದೇ ಆದರೂ ಅಲ್ಲಿ ಸೂರ್ಯ ಸುಮಾರು 27 ನಿಮಿಷ ಹಿಂದುಳಿಯುತ್ತಾನೆ, ಉತ್ತರದ ಚಳಿಗಾಲದ ಹಗಲು ಚಿಕ್ಕದಾಗಿರುವುದರಿಂದ ಮುಂಜಾನೆ ಇನ್ನಷ್ಟು ತಡವಾಗುತ್ತದೆ. ಬೆಳಗ್ಗೆ ಆರಕ್ಕೇ ಹೊರಡುವ ಊರಿನ ಅಭ್ಯಾಸವನ್ನು ಅಲ್ಲಿ ಮುಂದುವರಿಸಿದರೆ ಒಂದು ಗಂಟೆಗೂ ಹೆಚ್ಚು ಕಾಲ ಕತ್ತಲಲ್ಲಿ ಓಡಿಸಿದಂತಾಗುತ್ತದೆ. ಮರುಭೂಮಿಯ ಕತ್ತಲಲ್ಲಿ ದಾರಿಗೆ ಅಡ್ಡ ಬರುವುದು ಒಂಟೆ, ದನ, ನೀಲಗಾಯಿ. ಒಂಟೆಯ ಕಾಲು ಉದ್ದ, ಮೈ ಮರಳಿನದೇ ಬಣ್ಣ. ಕಾರಿನ ದೀಪದ ಬೆಳಕು ಕಾಲುಗಳ ಮೇಲಷ್ಟೇ ಬಿದ್ದು ದೇಹ ಮೇಲೆ ಕತ್ತಲಲ್ಲೇ ಉಳಿಯುತ್ತದೆ, ಡಿಕ್ಕಿಯಾದರೆ ಕಾಲು ಬಂಪರಿಗೆ ತಾಗಿ ಇಡೀ ದೇಹ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಪ್ರತಿ ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತಿರುವಾಗ, ಕಂಡು ಬ್ರೇಕ್ ಒತ್ತುವ ಮುನ್ನವೇ ಒಂದು ಸೈಟಿನ ಉದ್ದ ಕಳೆದಿರುತ್ತದೆ. ಸೂರ್ಯ ಮುಳುಗುವ ಮುನ್ನ ತಂಗುವ ಊರು ಸೇರಿರಬೇಕೆಂಬ ನಿಯಮಕ್ಕೆ ಈ ಯೋಜನೆಯಲ್ಲಿ ಯಾವ ವಿನಾಯಿತಿಯನ್ನೂ ಇಡಬಾರದು.

ವಾಹನದ ಸಿದ್ಧತೆಯಲ್ಲಿ ಹೆಚ್ಚು ಗಮನ ಬೇಡುವುದು ಟೈರು. ಟೈರಿನೊಳಗಿನ ಗಾಳಿ ಬಿಸಿಯಾದಂತೆ ಹಿಗ್ಗುತ್ತದೆ, ಉಷ್ಣತೆ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮುಂಜಾನೆ ಹನ್ನೆರಡು ಡಿಗ್ರಿ, ಮಧ್ಯಾಹ್ನ ಮೂವತ್ತು ಡಿಗ್ರಿ ಇರುವ ಮರುಭೂಮಿಯಲ್ಲಿ ಈ ಏರಿಳಿತ ಎದ್ದು ಕಾಣುವಂಥದು. ಆದ್ದರಿಂದ ಗಾಳಿಯನ್ನು ಬೆಳಗ್ಗೆ ಗಾಡಿ ಓಡುವ ಮುನ್ನ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುವ ಅಳತೆಗೆ ಹಿಡಿಸಬೇಕು. ಮಧ್ಯಾಹ್ನ ಹೆಚ್ಚಾಗಿ ಕಂಡಿತೆಂದು ಇಳಿಸಿದರೆ ಸಂಜೆಗೆ ಗಾಳಿ ಕಡಿಮೆಯಾಗಿ, ಟೈರಿನ ಪಕ್ಕೆ ಮಡಿಚಿ ಮಡಿಚಿ ಕಾದು ಒಡೆಯುವ ಭಯವಿದೆ. ಮರಳಿನಲ್ಲಿ ಸಿಕ್ಕಿಕೊಂಡಾಗ ಮಾತ್ರ ಇದಕ್ಕೆ ವಿರುದ್ಧವಾಗಿ ಗಾಳಿಯನ್ನು ಅರ್ಧದಷ್ಟು ಬಿಟ್ಟರೆ ಟೈರು ಅಗಲವಾಗಿ ಹರಡಿ ಹಿಡಿತ ಸಿಗುತ್ತದೆ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕಾದ್ದರಿಂದ ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಸಣ್ಣ ಪಂಪು ಜೊತೆಗಿರಬೇಕು. ಸಾಮಾನ್ಯ ಕಾರಿನಲ್ಲಿ ಮರಳು ದಿಬ್ಬ ಹತ್ತುವ ಆಸೆಯನ್ನು ಬಿಡುವುದೇ ಲೇಸು. ಸ್ಟೆಪ್ನಿ, ಜಾಕಿ, ವೀಲ್ ಸ್ಪ್ಯಾನರ್‌ಗಳನ್ನು ಮನೆಯಂಗಳದಲ್ಲಿ ಒಮ್ಮೆ ಬಳಸಿ ನೋಡಿರಬೇಕು, ಕೂಲೆಂಟ್ ಮತ್ತು ಬೆಲ್ಟುಗಳನ್ನು ಮೆಕ್ಯಾನಿಕ್‌ಗೆ ತೋರಿಸಿರಬೇಕು.

ನೀರಿನ ವಿಷಯದಲ್ಲಿ ಬಯಲುಸೀಮೆಯವರಿಗೆ ತಿಳಿವಳಿಕೆ ಇದ್ದೇ ಇರುತ್ತದೆ, ಏಕೆಂದರೆ ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಕೆರೆ, ಕುಂಟೆ, ಬಾವಿಗಳಿಂದಲೇ ಬದುಕಿ, ಈಗ ಸಾವಿರ ಅಡಿಯ ಕೊಳವೆಬಾವಿಗಳಿಗೆ ಇಳಿದಿದೆ. ಆದರೆ ಮರುಭೂಮಿಯ ಬಾಯಾರಿಕೆ ಬೇರೆ ಬಗೆಯದು. ಗಾಳಿಯಲ್ಲಿನ ತೇವಾಂಶ ಬಹಳ ಕಡಿಮೆಯಿರುವುದರಿಂದ ಬೆವರು ಮೈಮೇಲೆ ನಿಲ್ಲದೆ ಹುಟ್ಟಿದಲ್ಲೇ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುವುದರಿಂದ ದೇಹ ನೀರು ಕಳೆದುಕೊಳ್ಳುತ್ತಿರುವುದು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಲೆನೋವು ಶುರುವಾಗಿರುತ್ತದೆ. ತಲೆಗೆ ದಿನಕ್ಕೆ ಐದು ಲೀಟರಿನಂತೆ ನಾಲ್ವರಿಗೆ 20 ಲೀಟರಿನ ಕ್ಯಾನೊಂದು ಸದಾ ತುಂಬಿರಬೇಕು. ಅದೇ ಒಣ ಗಾಳಿ ನೀರನ್ನು ತಂಪಾಗಿಡಲೂ ಬರುತ್ತದೆ. ಹಳೆಯ ಲಾರಿಗಳ ಮುಂದೆ ತೂಗುತ್ತಿದ್ದ ದಪ್ಪ ಕ್ಯಾನ್ವಾಸಿನ ನೀರಿನ ಚೀಲವನ್ನು ಮಾರವಾಡದಲ್ಲಿ 'ಛಾಗಲ್' ಎನ್ನುತ್ತಾರೆ. ಬಟ್ಟೆಯ ಎಳೆಗಳ ನಡುವೆ ಜಿನುಗುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಳ್ಳುವುದರಿಂದ, ಚೀಲದ ಹೊರಮೈ ಒದ್ದೆಯಾಗಿ, ಅದನ್ನು ಮುಟ್ಟಿದರೆ ಮಡಕೆ ಮುಟ್ಟಿದ ಹಾಗೆ ತಣ್ಣಗಿರುತ್ತದೆ. ಬುತ್ತಿಗೆ ರಾಗಿ ಹುರಿಹಿಟ್ಟಿಗಿಂತ ಉತ್ತಮವಾದುದಿಲ್ಲ; ಅರಳಿಸಿದ ರಾಗಿಯ ಈ ಹಿಟ್ಟನ್ನು ಬೇಯಿಸಬೇಕಿಲ್ಲ, ಬೆಲ್ಲ ಮತ್ತು ನೀರು, ಸಿಕ್ಕಿದರೆ ಹಾಲು ಅಥವಾ ಮಜ್ಜಿಗೆ ಬೆರೆಸಿದರೆ ಸಾಕು, ಮೂರು ವಾರವಾದರೂ ಕೆಡುವುದಿಲ್ಲ. ದೇವನಹಳ್ಳಿಯ ಚಕ್ಕೋತ ಹಣ್ಣಿಗೂ ಇದೇ ಗುಣವಿದೆ. ಬೆರಳಗಲದ ಸಿಪ್ಪೆಯ ಕೆಳಗೆ ರಸ ಆರದೆ ಉಳಿಯುವುದರಿಂದ ಮನೆಯಿಂದ ಒಯ್ದ ಹಣ್ಣನ್ನು ಜೈಸಲ್ಮೇರಿನಲ್ಲಿ ಬಿಡಿಸಿ ತಿನ್ನಬಹುದು.

ಥಾರ್‌ನಲ್ಲಿ ಕೋಟೆ, ದಿಬ್ಬಗಳಿಗೆ ಸಲ್ಲುವ ಸಮಯದಲ್ಲಿ ಅರ್ಧ ದಿನವನ್ನಾದರೂ ಅಲ್ಲಿನ ನೀರಿನ ಕಟ್ಟಡಗಳಿಗೆ ಮೀಸಲಿಡಬೇಕೆಂದು ಕೆರೆಗಳ ನಾಡಿನವರಿಗೆ ಒತ್ತಿ ಹೇಳಬೇಕಾಗಿದೆ. 'ಟಾಂಕಾ' ಎಂದರೆ ನೆಲದೊಳಗೆ ಕಟ್ಟಿದ ದುಂಡನೆಯ ತೊಟ್ಟಿ. ಅದರ ಸುತ್ತ ನೆಲವನ್ನು ತಟ್ಟಿ ಇಳಿಜಾರು ಮಾಡಿ, ಬಿದ್ದ ಮಳೆಯನ್ನೆಲ್ಲ ಒಳಗೆ ಹರಿಸುತ್ತಾರೆ. 'ಖಡೀನ್' ಎಂದರೆ ಕಲ್ಲುಗುಡ್ಡದ ಇಳಿಜಾರಿನ ಕೆಳಗೆ ಉದ್ದಕ್ಕೂ ಹಾಕಿದ ಮಣ್ಣಿನ ಏರಿ. ನಮ್ಮ ಕೆರೆಯ ಏರಿ ನೀರನ್ನು ನಿಲ್ಲಿಸಿ ತೂಬಿನ ಮೂಲಕ ಕೆಳಗಿನ ಗದ್ದೆಗೆ ಬಿಟ್ಟರೆ, ಖಡೀನಿನ ಏರಿ ನೀರನ್ನು ನೆಲಕ್ಕೆ ಇಂಗಿಸಿ, ನೀರು ಆರಿದ ಅಂಗಳದಲ್ಲೇ ಗೋಧಿ, ಕಡಲೆ ಬಿತ್ತಲು ತೇವವನ್ನು ಉಳಿಸಿಕೊಡುತ್ತದೆ. ಜೈಸಲ್ಮೇರಿನ ಪಾಲಿವಾಲ ಬ್ರಾಹ್ಮಣರು 15ನೆಯ ಶತಮಾನದಲ್ಲಿ ರೂಢಿಗೆ ತಂದ ಈ ಪದ್ಧತಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬಾರದ ನೆಲದಲ್ಲಿ ಬೆಳೆ ತೆಗೆಯಿತು. ಅಲ್ಲಿಂದ ಉತ್ತರಕ್ಕೆ ಹೋದಂತೆ, ಪಂಜಾಬಿನ ಹರಿಕೆಯಲ್ಲಿ ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವಲ್ಲಿ ಹೊರಟು ಸುಮಾರು 650 ಕಿಲೋಮೀಟರ್ ಹರಿದು ಜೈಸಲ್ಮೇರ್ ಜಿಲ್ಲೆಗೆ ಬರುವ ಇಂದಿರಾ ಗಾಂಧಿ ಕಾಲುವೆಯ ಸೀಮೆ ಸಿಗುತ್ತದೆ. ಶ್ರೀಗಂಗಾನಗರದ ಕಡೆ ರಸ್ತೆಯ ಎರಡು ಬದಿಗಳಲ್ಲೂ ಕಾಣುವ ಗೋಧಿ, ಸಾಸಿವೆಯ ಹಸಿರಿಗೆ ಕಾಲುವೆಯ ನೀರೇ ಕಾರಣ.

ಚಂಡೀಗಢದ ಆಚೆ ಎದುರಾಗುವ ಶಿವಾಲಿಕ್ ಬೆಟ್ಟಸಾಲು ಹಿಮಾಲಯದ ಅತ್ಯಂತ ಹೊರಗಿನ, ಅತ್ಯಂತ ಎಳೆಯ ಸಾಲು. ಶಿವಗಂಗೆ, ಮಾಕಳಿದುರ್ಗಗಳ ಬಂಡೆಗೆ 200 ಕೋಟಿ ವರ್ಷಕ್ಕೂ ಮೀರಿದ ವಯಸ್ಸಾಗಿದೆ. ಶಿವಾಲಿಕ್‌ನ ಮರಳು, ಜೇಡಿ, ಬೆಣಚುಗಳು ಕಳೆದ ಎರಡು ಕೋಟಿ ವರ್ಷಗಳ ಒಳಗೆ ಹಿಮಾಲಯದ ನದಿಗಳು ತಂದು ಸುರಿದವು. ಬೆಟ್ಟವೆಂದರೆ ಅಲುಗದ ಬಂಡೆ ಎಂದು ತಿಳಿದಿರುವ ಕಣ್ಣಿಗೆ ಈ ವ್ಯತ್ಯಾಸ ಅರ್ಥವಾಗಿರಬೇಕು, ಏಕೆಂದರೆ ಅಲ್ಲಿ ಒಂದು ರಾತ್ರಿಯ ಮಳೆಗೆ ರಸ್ತೆಯ ಮೇಲಿನ ದರೆ ಜಾರಿ ಬರುತ್ತದೆ. ಬೆಟ್ಟದ ಬುಡದಲ್ಲಿ ನದಿಗಳು ಉರುಳಿಸಿ ತಂದ ಗುಂಡುಕಲ್ಲುಗಳು ಹರಡಿರುವ ಪಟ್ಟಿಗೆ 'ಭಾಬರ್' ಎನ್ನುತ್ತಾರೆ, ಇಲ್ಲಿ ತೊರೆಗಳು ಕಲ್ಲುಗಳ ಸಂದಿನಲ್ಲಿ ಇಂಗಿ ಕಣ್ಮರೆಯಾಗಿ, ಕೆಳಗಿನ 'ತರಾಯಿ' ಎಂಬ ಜೌಗುಪಟ್ಟಿಯಲ್ಲಿ ಮತ್ತೆ ಮೇಲೇಳುತ್ತವೆ. ಹಾಗಾಗಿ ಭಾಬರಿನ ಸೇತುವೆಯ ಕೆಳಗೆ ಕಾಣುವ ಒಣ ಕಲ್ಲುಹಾಸು ಸತ್ತ ಹೊಳೆಯಲ್ಲ. ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ನುಗ್ಗುತ್ತದೆ, ಅದರಲ್ಲಿ ಗಾಡಿ ಇಳಿಸಿ ಊಟಕ್ಕೆ ಕೂರಬಾರದು. ಶಿವಾಲಿಕ್ ಮತ್ತು ಒಳಗಿನ ಹಿಮಾಲಯದ ನಡುವಿನ ಉದ್ದ ಕಣಿವೆಗೆ 'ಡೂನ್' ಎಂದು ಹೆಸರು, ಡೆಹ್ರಾಡೂನ್ ಎಂಬಲ್ಲಿನ ಡೂನ್ ಅದೇ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಬಂದರೆ ಪ್ಯಾಡುಗಳು ಕಾದು ಹಿಡಿತ ಬಿಡುತ್ತವೆ, ಹತ್ತಿದ ಗೇರಿನಲ್ಲೇ ಇಳಿಯುವ ಹಳೆಯ ನಿಯಮವನ್ನು ಪುಣೆಯಾಚೆಯ ಖಂಡಾಲಾ ಘಾಟಿಯಲ್ಲೇ ರೂಢಿಸಿಕೊಳ್ಳಬಹುದು. ನಾಹನ್ ಸಮೀಪದ ಸುಕೇತಿಯಲ್ಲಿ ಇದೇ ಎಳೆಯ ಮಣ್ಣಿನಿಂದ ತೆಗೆದ ಪ್ರಾಣಿ ಪಳೆಯುಳಿಕೆಗಳ ಉದ್ಯಾನವಿದೆ, ಮಕ್ಕಳಿದ್ದರೆ ಅದನ್ನು ಬಿಡಬಾರದು.

ಕಾಗದಪತ್ರಗಳ ಮಾತು ಚಿಕ್ಕದು. ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ, ಚಾಲನಾ ಪರವಾನಗಿಗಳ ಜೊತೆಗೆ ಫಾಸ್ಟ್ಯಾಗ್ ಸುಸ್ಥಿತಿಯಲ್ಲಿರಬೇಕು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ದೊರೆಯುತ್ತಿರುವ, ಆರಂಭದಲ್ಲಿ 3,000 ರೂಪಾಯಿ ಬೆಲೆಯಿದ್ದ ವಾರ್ಷಿಕ ಪಾಸು ರಾಷ್ಟ್ರೀಯ ಹೆದ್ದಾರಿಗಳ 200 ಟೋಲ್ ದಾಟುವಿಕೆಗಳಿಗೆ ಸಲ್ಲುವುದರಿಂದ ಇಷ್ಟು ದೀರ್ಘ ಸುತ್ತಿಗೆ ಲಾಭದಾಯಕ, ಆದರೆ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಂಥ ರಾಜ್ಯಗಳ ರಸ್ತೆಗೆ ಅದು ನಡೆಯುವುದಿಲ್ಲ. ದೆಹಲಿ ಸುತ್ತಿನ ಪ್ರದೇಶದಲ್ಲಿ ಹಳೆಯ ವಾಹನಗಳಿಗೆ ನಿರ್ಬಂಧಗಳಿದ್ದು, ಚಳಿಗಾಲದಲ್ಲಿ ಗಾಳಿ ಕೆಟ್ಟಾಗ ಅವು ಬಿಗಿಯಾಗುತ್ತವೆ, ಹತ್ತು ವರ್ಷದ ಡೀಸೆಲ್ ಗಾಡಿ ಇರುವವರು ಹೊರಡುವ ವಾರದಲ್ಲಿ ಜಾರಿಯಲ್ಲಿರುವ ನಿಯಮವನ್ನು ನೋಡಿಕೊಂಡೇ ಹೊರಡಬೇಕು. ಹೆದ್ದಾರಿಯ ಸಹಾಯಕ್ಕೆ 1033, ಎಲ್ಲ ತುರ್ತಿಗೂ 112.

ದೆಹಲಿ ಸೇರಿ 44ನ್ನು ಹಿಡಿದು ಹಿಂದಿರುಗುವ ದಾರಿ ಹೆಚ್ಚುಕಡಿಮೆ ನೇರ ದಕ್ಷಿಣ. ಡೆಹ್ರಾಡೂನ್ ಮತ್ತು ದೇವನಹಳ್ಳಿಗಳ ರೇಖಾಂಶದ ಅಂತರ ಅರ್ಧ ಡಿಗ್ರಿಯೂ ಇಲ್ಲ, ಅಕ್ಷಾಂಶದಲ್ಲಿ 17 ಡಿಗ್ರಿ. ಇದೇ 78 ಡಿಗ್ರಿ ರೇಖಾಂಶದ ಗುಂಟ ಭಾರತದ ಮಹಾ ಸಮೀಕ್ಷೆಯ ಅಳತೆ ಕನ್ಯಾಕುಮಾರಿಯ ಕಡೆಯಿಂದ ಡೂನ್ ಕಣಿವೆಯವರೆಗೆ ನಡೆಯಿತು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯಲ್ಲಿ ಕೆಲಸ ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ, ಉಳಿದುದನ್ನು ಜಾರ್ಜ್ ಎವರೆಸ್ಟ್ ಹಿಮಾಲಯದ ತಪ್ಪಲಿಗೆ ಮುಟ್ಟಿಸಿದ. ಹಿಂಗಣಘಾಟ್ ನಾಗಪುರದ ದಕ್ಷಿಣಕ್ಕೆ ಇದೇ 44ರ ಮೇಲಿದೆ. ಅದಕ್ಕೂ ಮುಂಚೆ, ಸಿವನಿಯಿಂದ ನಾಗಪುರಕ್ಕೆ ಬರುವಾಗ ಪೆಂಚ್ ಹುಲಿ ಅರಣ್ಯದ ಅಂಚಿನಲ್ಲಿ ಪ್ರಾಣಿಗಳು ಕೆಳಗೆ ದಾಟಿಹೋಗುವಂತೆ ರಸ್ತೆಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಿರುವುದನ್ನು ಹಗಲಿನಲ್ಲಿ ನೋಡಬೇಕು.

ಈ ಪ್ರವಾಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದುದು ಕೊನೆಯ ದಿನ. ಕರ್ನೂಲು ದಾಟಿ ಅನಂತಪುರ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಒಂದಾದ ಅದರ ಬೋಳು ಗುಡ್ಡಗಳು ಊರಿನ ಗುಡ್ಡಗಳಂತೆಯೇ ಕಾಣತೊಡಗುತ್ತವೆ, ಅಂಗಡಿಗಳ ಮುಂದೆ ಕನ್ನಡದ ಮಾತೂ ಕಿವಿಗೆ ಬೀಳಬಹುದು. ದೇವನಹಳ್ಳಿ ಅಲ್ಲಿಗೆ 180 ಕಿಲೋಮೀಟರಿನೊಳಗಿದೆ, ರಾತ್ರಿ ಹತ್ತಕ್ಕೆ ಮನೆ ಸೇರಬಹುದೆಂಬ ಲೆಕ್ಕ ಹಿಂದಿನ ಸೀಟಿನಿಂದಲೇ ಬರುತ್ತದೆ. ಹೊರಡುವ ಮುನ್ನ ಬರೆದ ಕಾಗದದಲ್ಲಿ ಅನಂತಪುರದ ಮುಂದೆ 'ತಂಗುವುದು' ಎಂದು ಬರೆದು, ಕೋಣೆಯನ್ನೂ ಕಾದಿರಿಸಿದ್ದರೆ ಆ ಮಾತಿಗೆ ಉತ್ತರ ಸಿದ್ಧವಿರುತ್ತದೆ. ಮರುದಿನ ಬೆಳಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿ ಹೊರಟರೆ, ಬಾಗೇಪಲ್ಲಿ ದಾಟಿ, ಬಲಕ್ಕೆ ನಂದಿಬೆಟ್ಟ ಕಾಣುವ ಹೊತ್ತಿಗೆ ಇನ್ನೂ ಮಧ್ಯಾಹ್ನವಾಗಿರುವುದಿಲ್ಲ.